ಕೋಲು ಹಿಡಿಯುತ್ತಿದ್ದ ಕೈ

ಹೆಸರು ಬರೆಯಬೇಡ ಎಂದು ಅವರೇ ಹೇಳಿದ್ದರು. ಲಾಸ್ ಏಂಜಲೀಸಿನಲ್ಲಿ, ವುಡ್‌ಲ್ಯಾಂಡ್ ಹಿಲ್ಸ್ ಹತ್ತಿರ, ನಿವೃತ್ತ ಪಾದ್ರಿಗಳಿಗೆಂದೇ ಇರುವ ಒಂದು ಮನೆಯ ಹಿತ್ತಿಲಿನಲ್ಲಿ ಕೂತಿದ್ದೆವು. ಅದು ನಮ್ಮ ಕೊನೆಯ ಭೇಟಿ ಎಂದು ಇಬ್ಬರಿಗೂ ಅನ್ನಿಸಿತ್ತೋ ಏನೋ, ಮಾತು ಆ ಕಡೆ ಹೋಯಿತು.

“ನಾನು ಹೋದ ಮೇಲೆ ಏನು ಬೇಕಾದರೂ ಬರೆದುಕೋ ಕೋಚ್. ನನ್ನ ಹೆಸರು, ಊರು, ತಂಡ ಮೂರನ್ನೂ ಬಿಟ್ಟುಬಿಡು. ಇಲ್ಲದಿದ್ದರೆ ನಮ್ಮೂರಿನವನು ಯಾರಾದರೂ ಓದಿ, ಆ ಮ್ಯಾಚಿನ ಸ್ಕೋರು ತಪ್ಪು ಅಂತ ನಿನಗೆ ಕಾಗದ ಬರೆಯುತ್ತಾನೆ.”

“ನಾನು ಬರೆಯುವುದು ಕನ್ನಡದಲ್ಲಿ, ಫಾದರ್.”

“ನಮ್ಮೂರಿನವರನ್ನು ನೀನು ಕಂಡಿಲ್ಲ.”

ಕಳೆದ ತಿಂಗಳು ಆ ಮನೆಯಿಂದ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ. ಅಂದು ಸಂಜೆ ಹಳೆಯ ಡೈರಿಗಳನ್ನು ತೆಗೆದುಕೊಂಡು ಕೂತೆ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ; ಆ ಅಭ್ಯಾಸ ಕಲಿಸಿದ ಒಂದೇ ಪಾಠವೆಂದರೆ ನನ್ನ ನೆನಪನ್ನು ನಂಬಬಾರದು ಎಂಬುದು. ಅವರು ತಮ್ಮ ಆಟದ ಕೋಲನ್ನು ಮೊದಲ ಸಲ ನಮ್ಮ ಕ್ಲಿನಿಕ್ಕಿಗೆ ತಂದ ದಿನ ಮಳೆ ಬರುತ್ತಿತ್ತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಒದ್ದೆ ಪಾರ್ಕಿಂಗ್ ಲಾಟ್ ಕಣ್ಣಿಗೆ ಕಟ್ಟಿದಂತಿದೆ. ಡೈರಿಯ ಪುಟದಲ್ಲಿರುವುದು ಬೇರೆ: “ಬಿಸಿಗಾಳಿ. ತಡೆಯಲಾಗದ ಸೆಕೆ. ಎಸಿ ಕೆಟ್ಟಿದೆ.” ಸ್ಯಾನ್ ಡಿಯಾಗೊದಲ್ಲಿ ಜುಲೈ ತಿಂಗಳಿನಲ್ಲಿ ಮಳೆ ಎಲ್ಲಿಂದ ಬರಬೇಕು? ಆದ್ದರಿಂದ ಕೆಳಗಿನದ್ದನ್ನು ಓದುವವರು, ಹವಾಮಾನದ ವಿಷಯದಲ್ಲಾದರೂ, ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು ಕೈಗಳ ಥೆರಪಿಸ್ಟ್; ವ್ಯಾಯಾಮ ಮಾಡಿಸುವವಳೆಂದು ಅವರ ಬಾಯಲ್ಲಿ ‘ಕೋಚ್’. ಸ್ಯಾನ್ ಡಿಯಾಗೊದ ಕರ್ನಿ ಮೆಸಾ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಮುರಿದ, ಸುಟ್ಟ, ಸ್ಟ್ರೋಕ್ ಆಗಿ ಸೋತ ಕೈಗಳಿಗೆ ಗುಂಡಿ ಹಾಕುವುದನ್ನು, ಚಮಚ ಹಿಡಿಯುವುದನ್ನು ಮತ್ತೆ ಕಲಿಸುವುದು ನನ್ನ ಉದ್ಯೋಗ. ಅವರು ಬಂದದ್ದು ೨೦೨೧ರ ಫೆಬ್ರವರಿಯಲ್ಲಿ. ಎಲ್ಲರ ಮುಖಕ್ಕೂ ಮಾಸ್ಕು ಇದ್ದ ಕಾಲ. ಹಾಗಾಗಿ ನನಗೆ ಅವರ ಮುಖಕ್ಕಿಂತ ಮೊದಲು ಗುರುತಾದದ್ದು ಅವರ ಬಲಗೈ. ಅಂಥ ಕೈಯನ್ನು ನಾನು ಯಾವ ಪಾದ್ರಿಯಲ್ಲೂ ನಿರೀಕ್ಷಿಸಿರಲಿಲ್ಲ. ಕಿರುಬೆರಳಿನ ಗೆಣ್ಣು ಊದಿ ಅಡಿಕೆಯಷ್ಟಾಗಿತ್ತು. ಮಧ್ಯದ ಬೆರಳು ಎರಡು ಕಡೆ ಮುರಿದು ಕೂಡಿಕೊಂಡಿತ್ತು. ಉಂಗುರದ ಬೆರಳಂತೂ ತನ್ನ ಪಾಡಿಗೆ ತಾನು ಪಕ್ಕಕ್ಕೆ ಹೊರಟುಹೋಗಿತ್ತು.

“ಇದು ಏನಾದದ್ದು?” ಎಂದು ಕೇಳಿದೆ.

“ಅದು ಐರ್ಲೆಂಡಿನಲ್ಲಿ ನಮ್ಮ ಪಕ್ಕದ ಕೌಂಟಿಯ ಕಡೆ ತೋರಿಸುತ್ತಿದೆ. ಮುರಿದವನು ಅಲ್ಲಿಯವನು. ದೂರು ಕೊಡಲು ಸುಲಭವಾಗಲಿ ಅಂತ ಹಾಗೇ ಬಿಟ್ಟಿದ್ದೇನೆ.”

ಹಿಂದಿನ ಡಿಸೆಂಬರಿನಲ್ಲಿ ಸ್ಟ್ರೋಕ್ ಆಗಿತ್ತು. ಮಾತು ತಿರುಗಿ ಬಂತು, ಕಾಲು ತಿರುಗಿ ಬಂತು, ಬಲಗೈ ಬರಲಿಲ್ಲ. ಎಲ್ಲ ಹೊಸ ಪೇಷಂಟುಗಳಿಗೂ ಕೇಳುವಂತೆ ಫಾರ್ಮ್ ಹಿಡಿದುಕೊಂಡು ಕೇಳಿದೆ. ನೀವು ಬಳಸುವ ಕೈ ಯಾವುದು? “ಬಲ,” ಅಂದರು. ಟಿಕ್ ಮಾಡಿದೆ. ಈ ಕೈಯಿಂದ ಏನು ಮಾಡಲು ಆಗಬೇಕು ನಿಮಗೆ? ಜನ ಸಾಮಾನ್ಯವಾಗಿ ಕಾರು, ಗಾಲ್ಫು, ಶರ್ಟಿನ ಗುಂಡಿ ಅನ್ನುತ್ತಾರೆ. ಅವರು ಹೇಳಿದ್ದು ಬೇರೆ: “ಒಂದು ಪಾತ್ರೆ ಎತ್ತಬೇಕು. ತುಂಬಿರುತ್ತದೆ, ಚೆಲ್ಲಬಾರದು. ಆಮೇಲೆ ಒಂದು ತೆಳ್ಳನೆಯ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಇನ್ನೊಬ್ಬರ ಅಂಗೈಯಲ್ಲಿ ಇಡಬೇಕು. ಅದು ಬೀಳಬಾರದು.”

ಅಂದರೆ ಚರ್ಚಿನ ಬಲಿಪೂಜೆಯಲ್ಲಿ ಎತ್ತುವ ದ್ರಾಕ್ಷಾರಸದ ಪಾತ್ರೆ, ಭಕ್ತರಿಗೆ ಕೊಡುವ ಪರಮಪ್ರಸಾದ. ಅವರದು ಸಣ್ಣ ಇಗರ್ಜಿ, ಅವರೊಬ್ಬರೇ ಪಾದ್ರಿ. ವಾರದ ದಿನಗಳಲ್ಲಿ ಬೆಳಿಗ್ಗೆ ಆರೂವರೆಗೆ ಪೂಜೆ. ಬರುವವರು ಹನ್ನೊಂದು ಮಂದಿ, ಹೆಚ್ಚಿನವರು ಮೆಕ್ಸಿಕೋದ ಕಡೆಯ ವಯಸ್ಸಾದ ಹೆಂಗಸರು. ಸದ್ಯಕ್ಕೆ ಬೇರೆ ಊರಿನ ಪಾದ್ರಿಯೊಬ್ಬರು ಬಂದು ನಡೆಸಿಕೊಡುತ್ತಿದ್ದರು. ಬೇಸಿಗೆ ಮುಗಿಯುವುದರೊಳಗೆ ಕೈ ಬರದಿದ್ದರೆ ಇವರನ್ನು ಲಾಸ್ ಏಂಜಲೀಸಿನ ನಿವೃತ್ತರ ಮನೆಗೆ ಕಳಿಸುವುದೆಂದು ಬಿಷಪ್ಪರ ಆಫೀಸಿನ ಮೇಲಿನವರು ಮೆತ್ತಗೆ ತಿಳಿಸಿದ್ದರು.

“ರಿಟೈರ್ ಆಗುವುದಕ್ಕೆ ನನಗೆ ಹೆದರಿಕೆಯಿಲ್ಲ. ಬೇರೆಯವರು ಪೂಜೆ ಮಾಡುವಾಗ ಪಕ್ಕದ ಕುರ್ಚಿಯಲ್ಲಿ ಕೂತಿರುವುದಕ್ಕೆ ಹೆದರುತ್ತೇನೆ,” ಎಂದರು. “ಹದಿನೈದನೇ ವಯಸ್ಸಿನಿಂದ ಬೆಂಚಿನ ಮೇಲೆ ಕೂತವನಲ್ಲ ನಾನು.”

ಅವರ ಆಟದ ಬಗ್ಗೆ ಹೇಳಬೇಕು. ಐರ್ಲೆಂಡಿನ ಹರ್ಲಿಂಗ್. ನನಗೂ ಗೊತ್ತಿರಲಿಲ್ಲ. ಹಾಕಿಯೂ ಅಲ್ಲ, ಚಿನ್ನಿದಾಂಡೂ ಅಲ್ಲ; ಎರಡಕ್ಕೂ ಒಟ್ಟಿಗೆ ತಲೆ ಕೆಟ್ಟರೆ ಹೇಗೋ ಹಾಗೆ. ತುದಿಯಲ್ಲಿ ಅಗಲವಾದ ಮರದ ಕೋಲು, ಕ್ರಿಕೆಟ್ ಚೆಂಡಿನಂಥದೇ ಗಟ್ಟಿ ತೊಗಲಿನ ಚೆಂಡು. ಒಂದು ಕಡೆಗೆ ಹದಿನೈದು ಜನ. ನೆಲದ ಮೇಲಿನ ಚೆಂಡನ್ನು ಕೋಲಿನಿಂದ ಎಬ್ಬಿಸಬೇಕು, ಗಾಳಿಯಲ್ಲಿ ಹೊಡೆಯಬೇಕು, ಎತ್ತರದಿಂದ ಬರುವುದನ್ನು ಹತ್ತು ಕೋಲುಗಳ ನಡುವೆ ಬರಿಗೈ ಹಾಕಿ ಹಿಡಿಯಬೇಕು. ಬೆರಳುಗಳು ಮುರಿಯುವುದು ಆಗ. ಒಂದು ಕೈ ಕೋಲಿಗೆ, ಇನ್ನೊಂದು ಚೆಂಡಿಗೆ. ಈ ಮಾತನ್ನು ಅವರು ಮೊದಲ ವಾರವೇ ಹೇಳಿದ್ದರು. ಅದರಿಂದ ನನಗೆ ಹೊಳೆಯಬೇಕಾದದ್ದು ಹೊಳೆಯಲಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಅವರು ತಮ್ಮ ಕೌಂಟಿಗೆ ಆಡುತ್ತಿದ್ದರು. ನಮ್ಮಲ್ಲಿ ರಾಜ್ಯಕ್ಕೆ ಆಡಿದಂತೆ. ಗೋಲಿನ ಮುಂದಿನ ಜಾಗ, ತಡೆಯುವ ಕೆಲಸ. ಆಮೇಲೆ ಆಟ ಬಿಟ್ಟು ಪಾದ್ರಿಯಾಗಲು ಸೆಮಿನರಿ ಸೇರಿದರು. ಯಾಕೆ ಎಂಬುದಕ್ಕೆ ನನ್ನ ಡೈರಿಯಲ್ಲಿ ಮೂರು ಉತ್ತರಗಳಿವೆ. ಮಾರ್ಚಿನಲ್ಲಿ ಹೇಳಿದ್ದು: ಸೋತ ಮ್ಯಾಚಿನ ನಂತರ ಬಸ್ಸಿನಲ್ಲಿ ಎಲ್ಲರೂ ಅಳುತ್ತಿದ್ದಾಗ ಒಬ್ಬೊಬ್ಬರ ಪಕ್ಕದಲ್ಲೂ ಹೋಗಿ ಕೂತರಂತೆ, ಇಳಿಯುವಾಗ ತಮ್ಮ ಕೆಲಸ ಯಾವುದೆಂದು ಗೊತ್ತಾಯಿತಂತೆ. ಮೇ ತಿಂಗಳಲ್ಲಿ ಹೇಳಿದ್ದು: ತಾಯಿ ಹರಕೆ ಹೊತ್ತಿದ್ದರು, ತಪ್ಪಿಸಿಕೊಳ್ಳಲು ಆಗಲಿಲ್ಲ. ಇನ್ನೊಂದು ಸಲ: “ಒಬ್ಬಳು ಹುಡುಗಿ ಬೇಡ ಅಂದಳು.” ಇದರಲ್ಲಿ ಯಾವುದು ನಿಜ ಎಂದು ಒಮ್ಮೆ ನೇರವಾಗಿ ಕೇಳಿದೆ. “ಪಾಪನಿವೇದನೆ ಕೇಳುವವನು ನಾನು ಕೋಚ್, ಹೇಳುವವನಲ್ಲ,” ಎಂದು ನಕ್ಕರು. ಸೆಮಿನರಿಯ ಹುಡುಗರು ದೊಡ್ಡ ಮ್ಯಾಚುಗಳಲ್ಲಿ ಆಡಬಾರದೆಂಬ ಕಟ್ಟು ಆಗ ಇತ್ತಂತೆ. ಒಂದು ಬೇಸಿಗೆ ರಜೆಯಲ್ಲಿ ಬೇರೆ ಹೆಸರಿಟ್ಟುಕೊಂಡು ಆಡಿದರಂತೆ. ಮರುದಿನ ಪತ್ರಿಕೆಯಲ್ಲಿ ಆ ಸುಳ್ಳು ಹೆಸರಿನವನನ್ನು ಹೊಗಳಿ ಬರೆದಿದ್ದರು. ಅದನ್ನು ಓದಿದ ಸೆಮಿನರಿಯ ಹಿರಿಯರು ಊಟದ ಮನೆಯಲ್ಲಿ, “ಈ ಹುಡುಗ ಯಾರೋ, ನಿನಗಿಂತ ಚೆನ್ನಾಗಿ ಆಡುತ್ತಾನಂತೆ,” ಅಂದರಂತೆ.

ಅವರ ಪ್ರವಚನ ನಾಲ್ಕು ನಿಮಿಷ. ಐದನೇ ನಿಮಿಷ ಮಾತಾಡುವ ಪಾದ್ರಿ ತನ್ನ ಬಗ್ಗೆ ಮಾತಾಡುತ್ತಿರುತ್ತಾನೆ ಎನ್ನುತ್ತಿದ್ದರು. ಲಾಕ್‌ಡೌನಿನಲ್ಲಿ ಇಗರ್ಜಿ ಮುಚ್ಚಿದಾಗ ಹನ್ನೊಂದು ಜನರ ಮನೆಯ ಕಿಟಕಿಗಳಿಗೂ ವಾರಕ್ಕೊಮ್ಮೆ ಹೋಗಿ ನಿಲ್ಲುತ್ತಿದ್ದರು ಎಂದು ಗೊತ್ತಾದದ್ದು ಅವರಿಂದಲ್ಲ, ಅವರನ್ನು ಕ್ಲಿನಿಕ್ಕಿಗೆ ಕರೆತರುತ್ತಿದ್ದ ಎಲ್ಲರೂ ಗೌರವದಿಂದ ಡೋನ್ಯಾ ಎಂದು ಕರೆಯುವ ಅಜ್ಜಿಯಿಂದ. ಎಂಬತ್ತು ದಾಟಿದ ಆಕೆ ಡ್ರೈವ್ ಮಾಡುವುದನ್ನು ನೋಡಿದರೆ ನಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಅವರು ಮಾತ್ರ ಪಕ್ಕದ ಸೀಟಿನಲ್ಲಿ ಕಣ್ಣು ಬಿಟ್ಟುಕೊಂಡೇ ಕೂರುತ್ತಿದ್ದರು. “ಬರುತ್ತಿರುವುದನ್ನು ನೋಡುತ್ತಿರಬೇಕು. ಕಣ್ಣು ಮುಚ್ಚಿದರೆ ಇನ್ನೂ ಜೋರಾಗಿ ಬಡಿಯುತ್ತದೆ.” ಚೆಂಡಿನ ಬಗ್ಗೆ ಹೇಳಿದ್ದೋ ಡೋನ್ಯಾಳ ಡ್ರೈವಿಂಗ್ ಬಗ್ಗೆಯೋ, ಬರೆದುಕೊಂಡಿಲ್ಲ.

ಫೆಬ್ರವರಿಯಿಂದ ಜುಲೈವರೆಗೆ, ವಾರಕ್ಕೆರಡು ಸಲ, ಆ ಬಲಗೈಯ ಜೊತೆ ಗುದ್ದಾಡಿದೆ. ಬಿಸಿ ಮೇಣ, ತಿಕ್ಕುವುದು, ಜೇಡಿಮಣ್ಣಿನಂಥ ಮುದ್ದೆಯನ್ನು ಹಿಚುಕಿಸುವುದು. ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆಗಳನ್ನು ಹೆಕ್ಕಿಸುತ್ತಿದ್ದೆ. ಬಿಲ್ಲೆ ಎದ್ದೀತು, ಅಂಗೈ ತಲುಪುವಷ್ಟರಲ್ಲಿ ಬಿದ್ದೀತು. ಅವರು ಬಗ್ಗಿ ಎತ್ತಿಕೊಳ್ಳುವರು. ಮತ್ತೆ ಬೀಳುವುದು. ಒಂದು ದಿನವೂ ಗೊಣಗಲಿಲ್ಲ. ಆ ತಾಳ್ಮೆಯನ್ನು ನಾನು ಆಗ ಪ್ರಗತಿ ಎಂದು ಓದಿಕೊಂಡೆ.

ಗುರುವಾರಗಳಂದು ನನ್ನ ಅವ್ವ ಕ್ಲಿನಿಕ್ಕಿಗೆ ಬರುತ್ತಿದ್ದಳು. ನಮ್ಮ ಮನೆ ರಾಂಚೊ ಬರ್ನಾರ್ಡೊದಲ್ಲಿ. ಹಿರಿಯರ ಸೆಂಟರು ಕೋವಿಡ್‌ನಿಂದ ಇನ್ನೂ ತೆರೆದಿರಲಿಲ್ಲ; ಹಗಲೆಲ್ಲ ಮನೆಯಲ್ಲಿ ಕೂರಲು ಅವಳಿಗೆ ಬೇಸರ. ನನ್ನ ಕೆಲಸ ಮುಗಿದ ಮೇಲೆ ಹತ್ತಿರದಲ್ಲೇ ಇದ್ದ ಇಂಡಿಯನ್ ಅಂಗಡಿಗೆ ಹೋಗಿ ತರಕಾರಿ ತರಬಹುದಲ್ಲ ಎಂದು ಕರೆತರುತ್ತಿದ್ದೆ. ಅವಳು ಹೊರಗಿನ ಕುರ್ಚಿಯಲ್ಲಿ ಕೂತು, ಚೀಲದಿಂದ ಅರಳೆ ತೆಗೆದು, ದೇವರ ದೀಪಕ್ಕೆ ಬತ್ತಿ ಹೊಸೆಯುವಳು. ಗಾಜಿನ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು.

“ಅಲ್ಲವಾ, ಪಾದ್ರಿಗೋಳ ಮುಂದ ಪ್ಲಾಸ್ಟಿಕ್ ಬಿಲ್ಲಿ ಇಟ್ಟು ಕೂಡಿಸೀಯಲ್ಲ, ಅಂಗನವಾಡಿ ಹುಡುಗರಿಗೆ ಇಟ್ಟಂಗ?” ಎಂದು ಒಂದು ದಿನ ಕೇಳಿದಳು.

“ಬೆರಳಿಗೆ ವ್ಯಾಯಾಮ ಅವ್ವಾ.”

“ಬಾಳ ಛಲೋ ಮನಶಾ. ನಿನ್ನ ಕಾಟ ತಡಕೊಂಡು ಕೂತಾನ.”

ನಮ್ಮ ವೃತ್ತಿಯಲ್ಲಿ ಒಂದು ರೂಢಿಯಿದೆ. ಕೈ ಹಟ ಹಿಡಿದಾಗ ಅದಕ್ಕೆ ಪ್ರಿಯವಾದ ವಸ್ತುವನ್ನು ತರಲು ಹೇಳುತ್ತೇವೆ. ಸುತ್ತಿಗೆ, ಗಿಟಾರು, ಏನಾದರೂ. ಹಾಗೆ ಅವರು ಆ ಜುಲೈಯ ಸೆಕೆಯಲ್ಲಿ ಕೋಲನ್ನೂ ಚೆಂಡನ್ನೂ ತಂದರು. ಒಳಗೆ ಜಾಗ ಸಾಲದೆಂದು ಪಾರ್ಕಿಂಗ್ ಲಾಟಿಗೆ ಹೋದೆವು. ಅವ್ವ ನೆರಳಿನ ಬೆಂಚಿನಲ್ಲಿದ್ದಳು.

“ಬಲಗೈಯಲ್ಲಿ ಹಿಡಿಯಿರಿ,” ಅಂದೆ ನಾನು. ಹಿಡಿದರು. ಕೋಲು ಜಾರಿತು. ಮತ್ತೆ ಹಿಡಿದರು. ಜಾರಿತು. ಮೂರನೇ ಸಲ ಜಾರುವಾಗ ಅವರ ಕಂಕುಳಲ್ಲಿದ್ದ ಚೆಂಡೂ ಬಿದ್ದು, ಇಳಿಜಾರಿನಲ್ಲಿ ರಸ್ತೆಯ ಕಡೆ ಉರುಳತೊಡಗಿತು. ಅಷ್ಟೇ. ಎಪ್ಪತ್ನಾಲ್ಕು ವರ್ಷದ ಮನುಷ್ಯ ಮೂರು ಹೆಜ್ಜೆ ಓಡಿ, ನೆಲದಿಂದ ಕೋಲನ್ನು ಎಡಗೈಯಲ್ಲಿ ಸೆಳೆದುಕೊಂಡು, ಉರುಳುವ ಚೆಂಡಿನ ಕೆಳಗೆ ಅದನ್ನು ತೂರಿಸಿ ಎಬ್ಬಿಸಿ, ಕೋಲಿನ ಅಗಲದ ಮೇಲೆ ಚೆಂಡನ್ನು ನಿಲ್ಲಿಸಿಕೊಂಡು ತಿರುಗಿ ನಡೆದು ಬಂದರು. ಚೆಂಡು ಅಲುಗಲಿಲ್ಲ. ಡೋನ್ಯಾ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಅಂದಿನ ಕೇಸ್ ನೋಟ್ಸಿನಲ್ಲಿ ನಾನು ಬರೆದದ್ದು ಇಷ್ಟು: “ಸಮತೋಲನ ಉತ್ತಮವಾಗಿದೆ. ಬಲಗೈ ಹಿಡಿತದಲ್ಲಿ ಬದಲಾವಣೆ ಇಲ್ಲ.”

ಕಾರಿನಲ್ಲಿ, ಫ್ರೀವೇ ಹದಿನೈದರ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಅವ್ವ ಹೇಳಿದಳು: “ಅವರು ಎಡಚರು ಅದಾರ.”

“ಯಾರು?”

“ಯಾರಂದ್ರ? ನಿಮ್ಮ ಪಾದ್ರಿಗೋಳು. ಕೋಲು ಯಾವ ಕೈಲೆ ಎತ್ತಿದ್ರು, ಕಾಣಲಿಲ್ಲೇನು?”

“ಆಟದಾಗ ಹಂಗ ಹಿಡೀತಿರಬೇಕವ್ವಾ. ಫಾರ್ಮಿನ್ಯಾಗ ಬಲ ಅಂತ ಬರಸ್ಯಾರ.”

“ಹುಚ್ಚಿ. ಓಡೂ ಚೆಂಡಿಗೆ ಯಾರರ ಫಾರ್ಮ್ ನೋಡಿ ಕೈ ಹಾಕ್ತಾರೇನು? ಆರು ತಿಂಗಳಾತು ಒಂದ ಕೈ ಹಿಡಕೊಂಡು ಕೂತೀ. ಇನ್ನೊಂದು ಕೈ ಏನು ಸಂತೀಗೆ ಹೋಗಿತ್ತೇನು?”

“ಪೂಜಾ ಮಾಡೋರವ್ವಾ ಅವರು. ಎಡಗೈಲೆ ಪ್ರಸಾದ ಹೆಂಗ ಕೊಡ್ತಾರ?”

“ಅದೂ ಖರೇನ,” ಎಂದು ಅವ್ವ ಕಿಟಕಿಯಾಚೆ ನೋಡತೊಡಗಿದಳು.

ಆ ರಾತ್ರಿ ಡೈರಿಯಲ್ಲಿ ಬರೆದದ್ದನ್ನು ಈಗ ಓದಿದರೂ ಮುಖ ಬಿಸಿಯಾಗುತ್ತದೆ. ಒಂದು ಕೈ ಬರದಿದ್ದರೆ ಇನ್ನೊಂದಕ್ಕೆ ಕಲಿಸು ಎಂಬುದು ನಮ್ಮ ಕಸುಬಿನ ಮೊದಲ ಪಾಠಗಳಲ್ಲಿ ಒಂದು. ಅದೇ ವರ್ಷ ಒಬ್ಬ ಬಸ್ ಡ್ರೈವರಿಗೆ ಎರಡೇ ತಿಂಗಳಲ್ಲಿ ಎಡಗೈಯಲ್ಲಿ ಬರೆಯಲು ಕಲಿಸಿದ್ದೆ. ಈ ಒಬ್ಬ ಮನುಷ್ಯನ ಎಡಗೈಯನ್ನು ಮಾತ್ರ ಮೊದಲ ದಿನದ ತಪಾಸಣೆ ಬಿಟ್ಟರೆ ನಾನು ಮುಟ್ಟಿರಲಿಲ್ಲ. ಯೋಚಿಸಿ ಬಿಟ್ಟದ್ದಲ್ಲ. ಯೋಚನೆಯೇ ಬಂದಿರಲಿಲ್ಲ. ಪಾತ್ರೆ, ಪೂಜೆ, ಪ್ರಸಾದ ಎಂದು ಅವರು ಹೇಳಿದ ಕ್ಷಣವೇ ನನ್ನೊಳಗೆ ಯಾರೋ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಬಿಟ್ಟಿದ್ದರು. ಯಾರೋ ಏನು, ಅವ್ವನೇ. ಈಗ ನಮ್ಮ ಮನೆಯಲ್ಲಿ ಅದು ನಾನೇ. ನನ್ನ ಮಗಳು ಎಡಚಿ. ಅವಳು ಅಜ್ಜಿಗೆ ತಟ್ಟೆ ಕೊಡುವಾಗಲೆಲ್ಲ “ಬಲಗೈಲೆ ಕೊಡು” ಎಂದು ಗದರುವುದು ದಿನದ ಕಥೆ.

ಮುಂದಿನ ಗುರುವಾರ ಅವರನ್ನು ಕೇಳಿದೆ. “ಫಾದರ್, ನೀವು ಹುಟ್ಟಿನಿಂದ ಎಡಚರೇ?”

ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಯಾರು ಹೇಳಿದರು?”

“ನನ್ನ ತಾಯಿ. ಪಾರ್ಕಿಂಗ್ ಲಾಟಿನಲ್ಲಿ ನೋಡಿದಳು.”

“ನನ್ನ ತಾಯಿಯೂ ನೋಡಿದ್ದಳು. ಅದಕ್ಕೇ ನಾಲ್ಕು ವರ್ಷದವನಿದ್ದಾಗ ಊಟಕ್ಕೆ ಕೂರಿಸುವಾಗಲೆಲ್ಲ ಆ ಕೈಗೆ ಸ್ಕಾರ್ಫ್ ಕಟ್ಟುತ್ತಿದ್ದಳು.” ಶಾಲೆಯಲ್ಲಿ ಮೇಷ್ಟ್ರ ರೂಲರು. ಧರ್ಮಪಾಠದ ಸನ್ಯಾಸಿನಿ ಹೇಳಿದ್ದು: ಕಡೆಯ ದಿನ ದೇವರು ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ನಿಲ್ಲಿಸುತ್ತಾನೆ, ಎಡದವಕ್ಕೆ ನರಕ, ನೀನು ಎಲ್ಲಿ ನಿಲ್ಲುತ್ತೀ? “ಗೋಲಿನ ಮುಂದೆ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಒಂದು ಗಂಟೆ ಅದು ಹೊರಗೆ ಬರುತ್ತಿತ್ತು. ಅದು ಆಟದ ಕೈ, ಕೋಚ್. ಆಟ ಬಿಟ್ಟು ಬಂದಾಗ ಅದನ್ನೂ ಅಲ್ಲೇ ಬಿಟ್ಟು ಬಂದೆ.”

“ಆದರೆ ಈಗ ಉಳಿದಿರುವುದು ಅದೊಂದೇ.”

ಅವರು ಎದ್ದರು. ಕೋಲನ್ನು ಡೋನ್ಯಾಳ ಕೈಗೆ ಕೊಟ್ಟರು, ಬಲಗೈಯಲ್ಲಿ, ಬೀಳುವ ಹಾಗೆ, ಹಟದಿಂದ. ಹೊರಟುಹೋದರು. ಮುಂದಿನ ಎರಡು ಅಪಾಯಿಂಟ್‌ಮೆಂಟಿಗೆ ಬರಲಿಲ್ಲ. ಆಗಸ್ಟ್ ಶುರುವಾಗಿತ್ತು. ತಿಂಗಳ ಕೊನೆಗೆ ನನ್ನ ವರದಿ ಅವರ ಮೇಲಿನವರಿಗೆ ಹೋಗಬೇಕಿತ್ತು. ಅದರಲ್ಲಿ ಏನಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮೂರನೆಯ ಸಲಕ್ಕೆ ಬಂದರು. ಕೂತರು. ಎಡಗೈಯನ್ನು ಮೇಜಿನ ಮೇಲಿಟ್ಟರು, ಯಾರದೋ ಮಗುವನ್ನು ಡಾಕ್ಟರ ಮುಂದೆ ಕೂರಿಸುವಂತೆ.

“ಮೇಲಿನ ಆಫೀಸಿಗೆ ಫೋನು ಮಾಡಿ ಕೇಳಿದೆ. ಎಡಗೈಯಲ್ಲಿ ಕೊಡಬಹುದೇ ಅಂತ. ಫೋನು ಎತ್ತಿದ ಹುಡುಗ ಅರ್ಧ ಗಂಟೆ ಹುಡುಕಿ, ಕೊಡಬಾರದು ಅಂತ ಎಲ್ಲೂ ಬರೆದಿಲ್ಲ ಫಾದರ್, ಅಂದ. ಇಲ್ಲದ ಕಾನೂನನ್ನು ಎಪ್ಪತ್ತು ವರ್ಷ ಪಾಲಿಸಿದ್ದೇನೆ.”

ನಾನು ನನ್ನ ತಪ್ಪನ್ನೂ ಹೇಳಿಕೊಂಡೆ. ಯಾಕೆ ಆರು ತಿಂಗಳು ಆ ಕೈಯನ್ನು ನೋಡಲಿಲ್ಲ ಎಂಬುದನ್ನು, ಮಗಳಿಗೆ ಗದರುವುದನ್ನು, ಎಲ್ಲ. ಅವರು ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. “ನಿಮ್ಮಲ್ಲೂ ಸ್ಕಾರ್ಫ್ ಇದೆಯಾ?” ಅಂದರು. ಆಮೇಲೆ, “ಆ ಹುಡುಗಿಯನ್ನು ಭಾನುವಾರ ಪಾರ್ಕಿಗೆ ಕಳಿಸು,” ಅಂದರು. ಭಾನುವಾರ ಮಧ್ಯಾಹ್ನ ಇಲ್ಲಿನ ಐರಿಶ್ ಮಕ್ಕಳಿಗೆ ಅವರು ಆಟ ಕಲಿಸುತ್ತಿದ್ದರು. ಸ್ಟ್ರೋಕ್ ಆದ ಮೇಲೂ ಗೆರೆಯಾಚೆ ನಿಂತು ಕೂಗುತ್ತಿದ್ದರು. ಮಗಳು ಹೋದಳು. ಸಂಜೆ ಮಂಡಿ ತರಚಿಕೊಂಡು, ಕೆಂಪಗಾಗಿ ಬಂದಳು. ಯಾವ ಕೈಯಲ್ಲಿ ಹಿಡಿಯಲು ಹೇಳಿದರು ಎಂದು ಕೇಳಿದೆ. “ಹಿ ಡಿಡಂಟ್ ಸೇ, ಅಮ್ಮ. ಹಿ ಜಸ್ಟ್ ಗೇವ್ ಮಿ ದ ಸ್ಟಿಕ್.”

ನಾಲ್ಕೇ ವಾರ ಸಿಕ್ಕಿತು. ಆ ಕೈಗೆ ಬಲ ಕಲಿಸಬೇಕಾಗಿರಲಿಲ್ಲ, ಹಗುರ ಕಲಿಸಬೇಕಿತ್ತು. ಬಿಲ್ಲೆಯನ್ನು ಹಿಡಿದರೆ ಕೋಲು ಹಿಡಿದಂತೆ ಹಿಡಿಯುತ್ತಿತ್ತು. ಇನ್ನೊಬ್ಬರ ಅಂಗೈಯಲ್ಲಿ ಇಡುವ ಬದಲು ಒತ್ತುತ್ತಿತ್ತು. ಗಾಜಿನಾಚೆಯಿಂದ ನೋಡುತ್ತಿದ್ದ ಅವ್ವ ಒಂದು ದಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಅವರ ಮುಂದೆ ಒಂದು ಹಿಡಿ ಅರಳೆ ಇಟ್ಟು ಕೂತಳು. ಬಾಯಲ್ಲಿ ಕನ್ನಡ, ಕೈಯಲ್ಲಿ ಬತ್ತಿ. “ಹಿಂಗ. ಒತ್ತಬ್ಯಾಡ್ರಿ. ಅರಳಿ ಅದು, ಹಗ್ಗಲ್ಲ.” ಅವರು ಇಂಗ್ಲಿಷಿನಲ್ಲಿ ಏನೋ ಕೇಳುವರು, ಇವಳು ಕನ್ನಡದಲ್ಲಿ ಉತ್ತರಿಸುವಳು. ಮೊದಲ ದಿನದ ಬತ್ತಿಗಳು ಹುಳುಗಳಂತಿದ್ದವು. ಮೂರನೇ ವಾರಕ್ಕೆ ಅವ್ವನದೇ ಬತ್ತಿ ಎನ್ನಬಹುದಾದಂಥವು ಬಂದವು. ಅವಳು ಅವನ್ನು ಬೇರೆ ಡಬ್ಬಿಗೆ ಹಾಕಿದಳು.

“ಅವನ್ಯಾಕ ಬ್ಯಾರೆ ಇಟ್ಟಿ?”

“ಕಲೀಲಿ ಅಂತ ಕೊಟ್ಟೇನಿ. ದೇವರಿಗೆ ಹಚ್ಚಾಕ ಆಗ್ತದೇನು?” ಎಂದು ಪಿಸುಗುಟ್ಟಿದಳು. ಬಿಲ್ಲೆಯನ್ನು ಅವಳ ಅಂಗೈಗೆ ಇಡುವ ಅಭ್ಯಾಸ ಮಾಡಲಿ ಎಂದು ಕೇಳಿಕೊಂಡರೆ ಕೈ ಸೆರಗಿನೊಳಗೆ ಹೋಯಿತು. “ಎಡಗೈಲೆ ಕೊಟ್ಟದ್ದು ನಾ ಒಲ್ಲೆವಾ. ನೀ ತಗೋ.” ನಾನೂ ಡೋನ್ಯಾಳೂ ಕೈ ಒಡ್ಡಿದೆವು. ಅವ್ವನ ಮಾತಿನ ಅರ್ಥ ಕೇಳಿದ ಅವರಿಗೆ ನಿಜವನ್ನೇ ಹೇಳಿದೆ. ಅವರು ಅವ್ವನ ಕಡೆ ತಿರುಗಿ ತಲೆಬಾಗಿದರು. “ಆಕೆ ಹೇಳುವುದು ಸರಿ. ನನಗೂ ಇನ್ನೂ ಹಾಗೇ ಅನ್ನಿಸುತ್ತದೆ.”

ಆಗಸ್ಟಿನ ಕೊನೆಯ ಸೋಮವಾರ. ಅಂದಿನ ಆರೂವರೆಯ ಪೂಜೆ ಅವರೇ ಮಾಡುವುದು, ಮೇಲಿನ ಆಫೀಸಿನ ಹಿರಿಯ ಪಾದ್ರಿಯೊಬ್ಬರು ಕೊನೆಯ ಬೆಂಚಿನಲ್ಲಿ ಕೂತು ನೋಡುವುದು ಎಂದು ಗೊತ್ತಾಗಿತ್ತು. ನಾನು ಹೋಗುತ್ತೇನೆ ಎಂದಾಗ ಅವ್ವನೂ ಐದಕ್ಕೇ ಎದ್ದು ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು ಸಿದ್ಧಳಾಗಿದ್ದಳು. “ದೇವರ ಗುಡಿಗೆ ಹೋಗೂದು, ಹಂಗ ಹೋಗ್ತಾರೇನು?”

ಅವರು ನಡೆದು ಬಂದರು. ಪ್ರಾರ್ಥನೆಗಳಾದವು. ಪ್ರವಚನ ಎರಡೇ ನಿಮಿಷ. ಅದರಲ್ಲಿ ಕೈಯ ವಿಷಯವೇ ಬರಲಿಲ್ಲ. ನಂತರ ಪಾತ್ರೆ ಎತ್ತುವ ಹೊತ್ತು. ಎಡಗೈ ಅದರ ಕಾಲನ್ನು ಹಿಡಿಯಿತು. ಬಲಗೈ, ಮುರಿದ ಬೆರಳುಗಳ ಆ ಕೈ, ಪಕ್ಕದಲ್ಲಿ ಸುಮ್ಮನೆ ತಾಗಿಕೊಂಡಿತು. ಪಾತ್ರೆ ಮೇಲೆ ಹೋಯಿತು. ನಿಂತಿತು. ನಾನು ಉಸಿರು ಬಿಡಲಿಲ್ಲ ಎಂದು ನೆನಪು. ಇರಲಾರದು, ಅದು ಬಹಳ ಹೊತ್ತು ನಿಂತಿತ್ತು. ಡೈರಿಯಲ್ಲಿ ಅಂದಿನ ಪುಟದಲ್ಲಿ ಇರುವುದು ಎರಡೇ ವಾಕ್ಯ: “ಎತ್ತಿದರು. ಚೆಲ್ಲ‌ಲಿಲ್ಲ.”

ಮುಂದಿನ ಎರಡು ವರ್ಷ ಆ ಇಗರ್ಜಿಗೆ ಬೇರೆ ಪಾದ್ರಿ ಬರಬೇಕಾಗಲಿಲ್ಲ. ಡೈರಿಯಲ್ಲಿ ಬರೆದುಕೊಳ್ಳದೆ ಹೋದದ್ದು ಪಾತ್ರೆ ಇಳಿದ ಮೇಲೆ ನಡೆದದ್ದು.

ಪರಮಪ್ರಸಾದಕ್ಕೆ ಸಾಲು ನಿಂತಿತು. ಬಿಲ್ಲೆಗಳ ಬಟ್ಟಲನ್ನು ಡೋನ್ಯಾ ಹಿಡಿದು ಅವರ ಪಕ್ಕದಲ್ಲಿ ನಿಂತಿದ್ದಳು. ಮೊದಲ ಅಜ್ಜಿ ತನ್ನ ಕಡೆ ಬಂದ ಎಡಗೈಯನ್ನು ನೋಡಿದಳು, ಅವರ ಮುಖ ನೋಡಿದಳು, ಕೈ ಒಡ್ಡಿದಳು. ಬಿಲ್ಲೆ ಅಂಗೈಯಲ್ಲಿ ಕೂತಿತು. ಎರಡನೆಯವಳು. ಮೂರನೆಯವಳು. ಅಷ್ಟರಲ್ಲಿ ನನ್ನ ಪಕ್ಕದ ಜಾಗ ಖಾಲಿಯಾಗಿದ್ದದ್ದು ಕಂಡಿತು. ಅವ್ವ ಸಾಲಿನಲ್ಲಿದ್ದಳು. ಗುಡಿಗೆ ಹೋಗಿ ಪ್ರಸಾದ ತೆಗೆದುಕೊಳ್ಳದೆ ಬರುವುದು ಅವಳ ಜನ್ಮದಲ್ಲಿ ಇಲ್ಲ. ಇದು ಅವರ ಮತದವರಿಗೆ ಮಾತ್ರ ಎಂದು ಹೇಳಲು ನನಗೆ ಹೊಳೆದಿರಲಿಲ್ಲ. ಎದ್ದು ಹೋಗಿ ಸೆರಗು ಹಿಡಿಯುವಷ್ಟರಲ್ಲಿ ಅವಳ ಸರದಿ ಬಂದುಬಿಟ್ಟಿತ್ತು. ತೀರ್ಥಕ್ಕೆ ಒಡ್ಡುವಂತೆ ಬಲಗೈಯ ಕೆಳಗೆ ಎಡಗೈ ಇಟ್ಟು ಒಡ್ಡಿದಳು.

ಅವರಿಗೆ ಅವ್ವ ಯಾರೆಂದು ಗೊತ್ತು. ಕೊಡಬಾರದೆಂದೂ ಗೊತ್ತು. ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆಂದೂ ಗೊತ್ತು. ಅವರು ಕೈಯಲ್ಲಿದ್ದ ಬಿಲ್ಲೆಯನ್ನು ಬಟ್ಟಲಿಗೆ ಮರಳಿ ಹಾಕಿದರು. ಆಶೀರ್ವಾದ ಮಾಡಲು ಬಲಗೈ ತಾನಾಗಿ ಹೊರಟಿತು. ಐವತ್ತು ವರ್ಷದ ರೂಢಿ. ಎದೆಯವರೆಗೆ ಬಂದು ನಿಂತಿತು, ಮುಂದೆ ಹೋಗಲಿಲ್ಲ. ಒಂದು ಕ್ಷಣ ಅವರ ಮುಖದಲ್ಲಿ ಸ್ಕಾರ್ಫ್ ಕಟ್ಟಿಸಿಕೊಂಡ ಹುಡುಗ ಕಂಡ, ಅಥವಾ ಆ ಕಥೆ ಗೊತ್ತಿದ್ದದ್ದರಿಂದ ನಾನೇ ಕಂಡುಕೊಂಡೆ. ಮತ್ತೆ ಎಡಗೈ ಮೇಲೆದ್ದಿತು. ಅವ್ವನ ಬಿಳಿ ಬೈತಲೆಯ ಮೇಲೆ ಇಳಿಯಿತು. ಒತ್ತಲಿಲ್ಲ.

ಅವ್ವ ಕೈ ಜೋಡಿಸಿ, ತಲೆ ಬಗ್ಗಿಸಿ, ಸಾಲು ಕಾಯುತ್ತಿದೆ ಎಂಬ ಪರಿವೆಯಿಲ್ಲದೆ ನಿಂತೇ ಇದ್ದಳು.

ಹೊರಗೆ ಬಂದು ಕಾರು ಹತ್ತಿದೆವು. ಬೆಲ್ಟ್ ಹಾಕಿಕೊಂಡ ಮೇಲೆ ಅವ್ವ, “ಪ್ರಸಾದ ಕೊಡಲಿಲ್ಲ ನೋಡು ನನಗ,” ಎಂದು ಸಣ್ಣಗೆ ದೂರಿದಳು. “ತಲೀ ಮ್ಯಾಲೆ ಕೈ ಇಟ್ರು.”

ನನಗೆ ತಡೆಯಲಾಗಲಿಲ್ಲ. “ಯಾವ ಕೈ ಅವ್ವಾ?”

ಊರಿನವರೆಲ್ಲರ ಕೈಗಳನ್ನು ನೋಡುತ್ತ ಎಂಬತ್ತು ವರ್ಷ ಕಳೆದವಳು ಕಿಟಕಿಯ ಗಾಜು ಇಳಿಸಿ, ಬೆಳಗಿನ ಗಾಳಿಗೆ ಮುಖ ಕೊಟ್ಟಳು.

“ಕಣ್ಣು ಮುಚ್ಚಿದ್ದೆ,” ಅಂದಳು. “ನನಗೇನು ಗೊತ್ತು?”